ತಮ್ಮ ಪಾದದಡಿಯ ಗಾಣದ ಕಲ್ಲಿನ ವಿಷಯ

ಮಾನ್ಯರೇ, ಪರಮಪೂಜ್ಯರೇ, ನೆಲದಿಂದ ಹನ್ನೆರಡು ಮೊಳ ಮೇಲೆ, ಸ್ವರ್ಗಕ್ಕಿಂತ ತುಸುವೇ ಕೆಳಗೆ ನಿಂತಿರುವ ಕಂಬದ ತಪಸ್ವಿ ಮಾರ್ ಯೌನಾನ್ ಅವರೇ,

ಕಫರ್ ತೂತಾ ಊರಿನ ಗಾಣದ ಮಾರೂತ ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಾವು ಬಗ್ಗಿ ನೋಡುವ ಶ್ರಮ ತೆಗೆದುಕೊಳ್ಳಬಾರದು. ನಾನು ಎಂದಿನಂತೆ ಕೆಳಗೇ ಇದ್ದೇನೆ. ಈ ಪತ್ರದ ಒಂದು ಪ್ರತಿಯನ್ನು ತಮ್ಮ ಆವರಣದ ಬಾಗಿಲಿಗೆ ಹಚ್ಚಿದ್ದೇನೆ, ಬಂದ ಯಾತ್ರಿಕರೂ ಓದಿ ಪುನೀತರಾಗಲಿ ಎಂದು.

ಪಕ್ಕದೂರಿನಲ್ಲಿ ಕಂಬ ಹತ್ತಿದ ಸಂತರೊಬ್ಬರಿದ್ದು, ನಮ್ಮೂರಿನಲ್ಲಿ ಆಡು ಹತ್ತುವ ಬಂಡೆಗಳು ಮಾತ್ರ ಇದ್ದ ಕಾಲದಲ್ಲಿ, ನಮ್ಮ ಹೆಣ್ಣುಮಕ್ಕಳು ಸಂತೆಯಲ್ಲಿ ತಲೆ ಎತ್ತಿ ನಡೆಯುವಂತಿರಲಿಲ್ಲ. ಆ ಸಂಕಟ ತಾಳಲಾರದೆ ನಾವು ಹತ್ತು ಜನ ತಮ್ಮ ಗುಹೆಗೆ ನಡೆದು ಬಂದು, ಅಂಜೂರ ಕೊಟ್ಟು, ಕಾಲಿಗೆ ಬಿದ್ದು ಕರೆತಂದೆವೆಂಬುದನ್ನು ಮರೆತಿಲ್ಲ; ತಪ್ಪು ನಮ್ಮದೇ. ಮೊದಲು ನಾಲ್ಕು ಮೊಳದ ಕಂಬ ಕಟ್ಟಿದೆವು. ಜನರ ಗದ್ದಲದಲ್ಲಿ ಪ್ರಾರ್ಥನೆ ಸಾಗದೆಂದು ತಾವು ಇಳಿದು ಬಂದು ದೂರಿದಿರಿ, ಎಂಟು ಮೊಳ ಮಾಡಿದೆವು. ಎಂಟು ಮೊಳದ ಸಂತರನ್ನು ನೋಡಲು ಎರಡು ಪಟ್ಟು ಜನ ಬಂದರು. ಏಕಾಂತ ಹೆಚ್ಚಿದಷ್ಟೂ ಗುಂಪು ಹೆಚ್ಚುವ ಈ ಅದ್ಭುತವನ್ನು ಬೇರಾವ ಸಂತರೂ ಇಷ್ಟು ಸಲೀಸಾಗಿ ಮಾಡಿರಲಾರರು.

ಮೂರನೆಯ ಸಲ ಹನ್ನೆರಡು ಮೊಳಕ್ಕೆ ಏರಿಸುವಾಗ ತುದಿಯ ವರಸೆಗೆ ಕಲ್ಲು ಸಾಲದೆ ಹೋಯಿತು. ಅದು ಈಸ್ಟರ್ ಹಬ್ಬದ ವಾರ. ಭಕ್ತಿ ತಲೆಗೇರಿದ್ದ ನಾನು, ನನ್ನ ಅಜ್ಜನ ಕಾಲದಿಂದ ಊರಿನ ಆಲಿವ್ ಕಾಯಿಗಳನ್ನೆಲ್ಲ ಅರೆಯುತ್ತಿದ್ದ ಗಾಣದ ಉರುಳುಕಲ್ಲನ್ನು ಉರುಳಿಸಿಕೊಂಡು ಬಂದು ಒಪ್ಪಿಸಿದೆ. ಕೊಯ್ಲಿಗೆ ಮುಂಚೆ ಬೇರೆ ಕಲ್ಲಿಟ್ಟು ಇದನ್ನು ಮರಳಿಸುವುದಾಗಿ ತಮ್ಮ ಶಿಷ್ಯ ಹಬ್ಬೀಬ್ ಎಲ್ಲರೆದುರು ಹೇಳಿದ್ದರು. ತಾವು ಅದರ ಮೇಲೆ ನಿಂತಿರಿ. ನಿಂತ ಮೇಲೆ, ಇನ್ನು ಸಾಯುವ ತನಕ ನೆಲ ತುಳಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದಿರಿ. ಇಡೀ ಊರು ಆನಂದದಿಂದ ಅತ್ತಿತು. ನಾನೂ ಅತ್ತೆ, ಬೇರೆ ಕಾರಣಕ್ಕೆ.

ಈಗ ಕಾಯಿ ಕಪ್ಪಾಗಿ ಕೊಯ್ಲಿಗೆ ಬಂದಿದೆ. ಕಿತ್ತ ಕಾಯಿ ನಾಲ್ಕು ದಿನ ಅರೆಯದೆ ಉಳಿದರೆ ಹುಳಿ ಬರುತ್ತದೆ, ಮೂವತ್ತು ಮನೆಗಳ ಒಲೆ, ದೀಪ, ರೊಟ್ಟಿ ಎಲ್ಲ ಆ ಎಣ್ಣೆಯ ಮೇಲೆ ನಿಂತಿವೆ. ಹೊಸ ಕಲ್ಲು ಕಡಿದುಕೊಡಿ ಎಂದರೆ, ಕಲ್ಲುಕುಟಿಗರೆಲ್ಲ ತಮ್ಮ ಯಾತ್ರಿಕರಿಗೆ ಛತ್ರ ಕಟ್ಟುತ್ತಿದ್ದಾರೆ, ವಸಂತದವರೆಗೆ ಪುರುಸೊತ್ತಿಲ್ಲವಂತೆ. ಹೀಗಿರುವಾಗ ಹಬ್ಬೀಬ್ ಅವರು ಮೊನ್ನೆ ಮನೆಗೆ ಬಂದು, ಕಂಬದ ಬುಡದ ದೀಪಗಳಿಗೆ ಈ ವರ್ಷದ ಹೊಸ ಎಣ್ಣೆ ಐದು ಕೊಡ ಬೇಕೆಂದು ಕೇಳಿದರು. ಅವರ ಮುಗ್ಧತೆಗೆ ನಾನು ಮನಸಾರೆ ಕೈಮುಗಿದೆ.

ಕ್ರಿಸ್ತನಲ್ಲಿ ದೈವ, ಮಾನವ ಸ್ವಭಾವಗಳು ಸೇರಿ ಒಂದೋ, ಬೇರೆಬೇರೆ ಎರಡೋ ಎಂದು ಗಡ್ಡ ಹಿಡಿದು ಜಗಳವಾಡುತ್ತ ಬಂದ ಇಬ್ಬರು ಬಿಷಪ್ಪರಿಗೆ ತಾವು ಮೇಲಿನಿಂದ ಒಂದೇ ಒಂದು ಕೈಸನ್ನೆ ಮಾಡಿದಿರಿ, ಇಬ್ಬರೂ ತಾವೇ ಗೆದ್ದೆವೆಂದು ಹಿಗ್ಗಿ ಹೋದರು. ಅಂಥ ಜಾಣ್ಮೆಯಲ್ಲಿ ಒಂದು ಚೂರನ್ನು ನಮ್ಮ ಕಡೆಗೂ ತಿರುಗಿಸಬೇಕೆಂದು ಕೋರಿಕೆ.

ಧ್ಯಾನದಲ್ಲಿರುವಾಗ ತಮ್ಮ ಪಾದಗಳು ಕಲ್ಲಿಗೆ ತಾಗುವುದೇ ಇಲ್ಲವೆಂದು ಹಬ್ಬೀಬ್ ದಿನವೂ ಯಾತ್ರಿಕರಿಗೆ ಹೇಳುತ್ತಾರೆ. ಹೆಂಗಸರಿಗೆ ಆವರಣದೊಳಗೆ ಪ್ರವೇಶವಿಲ್ಲವಾದ್ದರಿಂದ ನನ್ನ ಹೆಂಡತಿ ಶಮ್ಮೂನಿ ಇದನ್ನು ಗೋಡೆಯ ಆಚೆ ನಿಂತು ಕೇಳಿಸಿಕೊಂಡು, ಅಲ್ಲಿಂದಲೇ ಕೂಗಿ ಕೇಳಿದಳು: "ಅಲ್ಲಣ್ಣಾ, ಕಾಲು ತಾಗೋದೇ ಇಲ್ಲ ಅಂದ್ಮೇಲೆ ಆ ಕಲ್ಲು ಅಲ್ಲಿ ಸುಮ್ನೆ ಬಿದ್ದಿದೆ ಅಂತಾಯ್ತು. ನಮಗೆ ಕೊಟ್ಬಿಡು."

ಯಾತ್ರಿಕರು ನಕ್ಕರು. ಹಬ್ಬೀಬ್ ಮಾತ್ರ ನಗಲಿಲ್ಲ. "ತಾಗಲ್ಲ ಅಂತ ನಂಬೋದು ಭಕ್ತಿ ಕಣಕ್ಕಾ," ಅಂದರು, "ಕಲ್ಲು ತೆಗೆದು ನೋಡೋದು ಪರೀಕ್ಷೆ. ದೇವ್ರನ್ನ ಪರೀಕ್ಷೆ ಮಾಡಬಾರ್ದು."

"ನಾವೇನು ಪರೀಕ್ಷೆ ಮಾಡ್ತಿಲ್ಲಪ್ಪ," ಅಂದಳು ಇವಳು, "ಎಣ್ಣೆ ಮಾಡ್ತೀವಿ."

ಆದಕಾರಣ, ಪೂಜ್ಯರೇ, ತಾವು ಒಂದು ಬೆಳಿಗ್ಗೆ ಧ್ಯಾನಕ್ಕೆ ನಿಂತು, ನಾಲ್ಕು ಜನ ಆಳುಗಳು ಕಲ್ಲು ಜರುಗಿಸಿ ಅದರ ಜಾಗದಲ್ಲಿ ಗಟ್ಟಿ ಹಲಗೆ ಕೂಡಿಸುವಷ್ಟು ಹೊತ್ತು ಗಾಳಿಯಲ್ಲಿ ಒಂದು ಗೇಣು ಮೇಲಕ್ಕೇಳಬೇಕಾಗಿ ವಿನಂತಿ. ಹೆಚ್ಚು ಬೇಡ, ಒಂದೇ ಗೇಣು. ಅದೂ ಆಗದಿದ್ದರೆ, ಆಳುಗಳ ಹೆಗಲ ಮೇಲೆ ನಿಲ್ಲಬಹುದು; ಹೆಗಲು ನೆಲವಲ್ಲ, ಪ್ರತಿಜ್ಞೆ ಕೆಡುವುದಿಲ್ಲವೆಂದು ನಮ್ಮ ಚರ್ಚಿನ ಡೀಕನರನ್ನು ಕೇಳಿ ತಿಳಿದುಕೊಂಡಿದ್ದೇನೆ.

ತಮ್ಮ ಪಾದಧೂಳಿ ಬಯಸುವವನೂ, ಅದು ಮೆತ್ತಿದ ಕಲ್ಲನ್ನು ಅದಕ್ಕಿಂತ ಹೆಚ್ಚು ಬಯಸುವವನೂ ಆದ

ತಮ್ಮ ವಿಶ್ವಾಸಿ,
ಗಾಣದ ಮಾರೂತ

ತಾ.ಕ.: ಪ್ರತಿ ಭಾನುವಾರ ತಮಗೆ ನೆನೆಸಿದ ಕಾಳು, ನೀರು ಹೊತ್ತು ಹಬ್ಬೀಬ್ ಹತ್ತುವ ಏಣಿ ನನ್ನ ತೋಟದ ಎರಡು ಏಣಿಗಳನ್ನು ಸೇರಿಸಿ ಕಟ್ಟಿದ್ದು. ಎತ್ತರದ ಕೊಂಬೆಗಳ ಕಾಯಿ ಕೀಳಲು ನಾಳೆ ಬೆಳಿಗ್ಗೆ ಅದನ್ನು ಒಯ್ಯುತ್ತಿದ್ದೇನೆ. ಕೊಯ್ಲು ಸರಿಯಾಗಿ ನಲವತ್ತು ದಿನ ನಡೆಯುತ್ತದೆ. ನಲವತ್ತು ದಿನದ ಉಪವಾಸ ತಮಗೆ ಹೊಸದೇನಲ್ಲವೆಂದು ಇಡೀ ಸಿರಿಯಾ ಬಲ್ಲದು. ನಡುವೆ ಕಲ್ಲು ಇಳಿದರೆ, ಅದೇ ದಿನ ಏಣಿ ಏರುತ್ತದೆ.