ಅಳಿಯ ಕೂರಿಸಿದ ಬ್ರೇಕು

ಬಂಗಾರಪೇಟೆ ಪಕ್ಕದ ಹಳ್ಳಿಯ ಮಾವನ ಮನೆಯಲ್ಲಿ, ಭಾನುವಾರ ಬೆಳಗಿನ ಕಾಫಿಯನ್ನು ನರೇಶ ಅರ್ಧಕ್ಕೇ ಕೆಳಗಿಟ್ಟ. ಅತ್ತೆ ಅಮ್ಮಾಜಮ್ಮ ಅವನ ಬೋಳು ಬೆರಳನ್ನು ನೋಡಿಬಿಟ್ಟಿದ್ದರು.

"ಅಳಿಯಂದ್ರೇ, ಮದ್ವೇಲಿ ಆಕಿದ ಉಂಗುರ ಎಲ್ಲಿ?"

ಉಂಗುರ ಸಂಕ್ರಾಂತಿಯಲ್ಲೇ ಕಳೆದುಹೋಗಿತ್ತು. ಎಲ್ಲಿ ಬಿತ್ತೋ ಅವನಿಗೇ ಗೊತ್ತಿರಲಿಲ್ಲ.

"ಕೆ.ಜಿ.ಎಫ್ ಫ್ಯಾಕ್ಟ್ರೀಲಿ ಕರೆಂಟ್ ಕೆಲ್ಸ ಅಲ್ವಾ ಅತ್ತೆ, ಉಂಗುರ ಹಾಕೋ ಹಾಗಿಲ್ಲ. ಬ್ಯಾಂಕ್ ಲಾಕರಲ್ಲಿ ಜೋಪಾನವಾಗಿದೆ" ಎಂದುಬಿಟ್ಟ. ಹೆಂಡತಿ ಶ್ಯಾಮಲಳಿಗೂ ಇದೇ ಸುಳ್ಳು ಹೇಳಿದ್ದ. ನಾಚಿಕೆಯಿಂದ ಅವಳ ಮುಖ ನೋಡಲಾಗಲಿಲ್ಲ.

ಮಾತು ಮರೆಸಲು ಕೊಟ್ಟಿಗೆಯತ್ತ ಕೈ ತೋರಿಸಿದ. ಆಗಷ್ಟೇ ಸ್ವಿಚ್ಚು ಆರಿಸಿದ್ದರೂ ಮೇವು ಕತ್ತರಿಸುವ ಮಿಷನ್ನಿನ ಚಕ್ರ ಗರಗರ ತಿರುಗುತ್ತಲೇ ಇತ್ತು.

"ಅತ್ತೆ ಸೆರಗು ಸಿಕ್ಕಿಕೊಂಡ್ರೆ ಗತಿಯೇನು ಮಾವ? ಬಟನ್ ಒತ್ತಿದ್ರೆ ಗಕ್ಕನೆ ನಿಲ್ಲೋ ಹಾಗೆ ಮಾಡ್ತೀನಿ."

ಮಾವ ದೊಡ್ಡವೆಂಕಟಪ್ಪ ಮೀಸೆ ತಿರುವಿದರು. "ಮಾಡಿ, ನೋಡಾನ. ಸಂಕ್ರಾಂತೀಲಿ ನೀವು ಜೋಳದ ಕಡ್ಡಿ ತುರುಕಿದಾಗ್ಲಿಂದ ಅದ್ಕೆ ಗಂಟ್ಲೂ ಕಟ್ಟೈತೆ."

ನರೇಶ ಬಂಗಾರಪೇಟೆಗೆ ಓಡಿ ಸಾಮಾನು ತಂದು, ಊಟವನ್ನೂ ಬಿಟ್ಟು ವೈರು ಜೋಡಿಸಿದ. ಬೀದಿಯೇ ಬಂದು ನೆರೆಯಿತು. ಬೆಳಗಿನ ಮಾತನ್ನೆಲ್ಲ ಗೋಡೆಯಾಚೆಯಿಂದ ಕೇಳಿಸಿಕೊಂಡಿದ್ದ ಪಕ್ಕದ ಮನೆ ಶಶಿರೇಖ ಕೂರಲು ಮಣೆಯನ್ನೂ ತಂದಿದ್ದಳು.

"ಮೂರು ವೈರಲ್ಲಿ ಎರಡನ್ನ ಅದಲುಬದಲು ಮಾಡಿದ್ರೆ ಮೋಟ್ರು ಉಲ್ಟಾ ಎಳೆಯುತ್ತೆ. ಓಡ್ತಿರೋ ಚಕ್ರ ನಿಂತೋಗುತ್ತೆ. ನಿಂತ ತಕ್ಷಣ ಬಟನ್ ಬಿಡ್ಬೇಕು, ಅಷ್ಟೇ" ಎಂದು ಎಲ್ಲರಿಗೂ ಪಾಠ ಹೇಳಿದ. ಫ್ಯಾಕ್ಟರಿಯಲ್ಲಿ, ಚಕ್ರ ನಿಂತ ತಕ್ಷಣ ಕರೆಂಟು ತಾನಾಗೇ ಕಡಿಯಲೆಂದೇ ಒಂದು ಸ್ವಿಚ್ಚು ಇರುತ್ತದೆ. ಇಲ್ಲಿ ಇದ್ದದ್ದು ನರೇಶನ ಹೆಬ್ಬೆರಳು.

ಮೊದಲ ಸಲ ಫ್ಯೂಸು ಹೋಯಿತು. ಎರಡನೇ ಸಲ ಎಮ್ಮೆ ಬೆದರಿ ಗೂಟ ಕಿತ್ತಿತು. ಮೂರನೇ ಸಲ ಬಟನ್ ಒತ್ತುತ್ತಲೇ ಚಕ್ರದ ವೇಗ ಸರ್ರನೆ ಇಳಿಯಿತು. ಇನ್ನೇನು ನಿಲ್ಲಬೇಕು, ಶಶಿರೇಖ ಬಾಯಿ ಹಾಕಿದಳು.

"ಅದ್ಸರಿ, ಉಂಗುರ ಯಾವ ಬ್ಯಾಂಕ್ನಾಗೆ ಮಡಗಿದೀರಾ? ನಮಗೂ ಒಂದು ಲಾಕರ್ ಬೇಕಾಗಿತ್ತು."

ನರೇಶ ಬೆಚ್ಚಿ ಅವಳತ್ತ ತಿರುಗಿದ. ಹೆಬ್ಬೆರಳು ಬಟನ್ ಮೇಲೇ ಉಳಿಯಿತು. ನಿಂತ ಚಕ್ರ ಹಿಂದಕ್ಕೆ ತಿರುಗತೊಡಗಿತು. ಮಿಷನ್ನು, ಹಾಲು ಕಕ್ಕುವ ಮಗುವಿನಂತೆ, ಸಂಕ್ರಾಂತಿಯಿಂದ ಒಳಗೆ ಸಿಕ್ಕಿಕೊಂಡಿದ್ದ ಕೊಳೆತ ಮೇವನ್ನೆಲ್ಲ ಮಾವನ ಬಿಳಿ ಅಂಗಿಯ ಮೇಲೆ ಕಕ್ಕಿತು. ನರೇಶ ಕೈ ಕಿತ್ತುಕೊಂಡ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಆದರೆ ಮಾವ ಹೋ ಎಂದು ನಕ್ಕರು. "ಗಂಟ್ಲು ಬಿಡ್ತು! ಭೇಷ್ ಅಳಿಯಂದ್ರೇ!"

ನರೇಶನ ಎದೆ ಉಬ್ಬಿತು. ಮಾವ ಅಂಗಿ ಕೊಡವಿಕೊಂಡರು. ಠಣ್ ಎಂದು ಏನೋ ನೆಲಕ್ಕೆ ಬಿತ್ತು. ಅಮ್ಮಾಜಮ್ಮ ಎತ್ತಿ ಸೆರಗಿನಲ್ಲಿ ಒರೆಸಿದರು. ಸೊಟ್ಟಗಾದ ಚಿನ್ನದ ಉಂಗುರ, ಮೇಲೆ 'ನ' ಅಕ್ಷರ.

"ಕಳ್ದೋಯ್ತು ಅಂದಿದ್ರೆ ನಾವೇನ್ ಒಡೀತಿದ್ವಾ?" ಎಂದರು ಅತ್ತೆ ಮೆಲ್ಲಗೆ. ಅದು ಏಟಿಗಿಂತ ಜೋರಾಗಿ ತಗುಲಿತು. ಶ್ಯಾಮಲ ಸರಕ್ಕನೆ ಒಳಗೆ ನಡೆದಳು.

ಮಾವ ಮಿಷನ್ನಿನ ಮೇಲೆ ಕೈಯಿಟ್ಟು ಪಕ್ಕದ ಮನೆಯವಳ ಕಡೆ ತಿರುಗಿದರು.

"ಶಶಿರೇಖಾ, ಯಾವ ಬ್ಯಾಂಕು ಅಂತ ಕೇಳ್ತಿದ್ದೆಯಲ್ಲಮ್ಮ? ಇದೇ ನೋಡು. ನಮ್ ಅಳಿಯಂದ್ರಿಗೆ ಏಳಿ ನಿಂಗೂ ಒಂದು ಲಾಕರ್ ಕೊಡ್ಸಾನ."