ದೊರೆಯ ಕೊರಳಪಟ್ಟಿ

ಸೊಸೆ: ಇಲ್ಲ ಮಾವ, ಯಂತ್ರ ಕೆಟ್ಟಿಲ್ಲ! ಕಾಡುಬೆಕ್ಕು ಕೆರೆಯಾಚೆ ಪೊದೆ ಬಿಟ್ಟು ಊರೊಳಗೇ ಬಂದುಬಿಟ್ಟಿದೆ. ಮಧ್ಯಾಹ್ನ ಅಧಿಕಾರಿಗಳ ಮೀಟಿಂಗಲ್ಲಿ ಹಾಗಂತಲೇ ಹೇಳ್ತೀನಿ.

ಮಾವ: ಹೇಳಬೇಡ ಅಂತೀನಿ. ಕಾಡುಬೆಕ್ಕಿಗೆ ಊರಲ್ಲಿ ಏನು ಕೆಲಸ? ನಿನ್ನ ಯಂತ್ರಕ್ಕೆ ತಲೆ ಕೆಟ್ಟಿದೆ.

(ಸೊಸೆ ವನ್ಯಜೀವಿ ಸಂಶೋಧಕಿ. ಮಾವ ದರ್ಜಿ, ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟರೂ ಹೊಲಿಗೆ ಯಂತ್ರವನ್ನು ಮಾತ್ರ ಬಿಡದೆ ನಡುಮನೆಯ ಕಿಟಕಿ ಬಳಿ ಇಟ್ಟುಕೊಂಡವರು. ಊಟದ ಮೇಜಿನ ಮೇಲೆ ಲ್ಯಾಪ್‌ಟಾಪು. ಅದರ ನಕ್ಷೆಯ ತುಂಬ, ಕಾಡುಬೆಕ್ಕಿನ ಜಾಡು ಹೇಳುವ ಯಂತ್ರ ಕಳಿಸಿದ ಕೆಂಪು ಚುಕ್ಕೆಗಳು. ಮಾವನ ಹೆಬ್ಬೆರಳಿಗೆ ಬಟ್ಟೆ ಸುತ್ತಿದೆ. ಕೇಳಿದವರಿಗೆಲ್ಲ ಗುಲಾಬಿ ಮುಳ್ಳು ಎಂದು ಹೇಳಿದ್ದಾರೆ.)

ಮಾವ: ಬೆಕ್ಕು ಊರಿಗೆ ಬಂತು ಅಂದ್ರೆ ಆ ಪೊದೆ ಗತಿ?

ಸೊಸೆ: ಕಡಿದು ಕಾರು ನಿಲ್ಲಿಸೋ ಜಾಗ ಮಾಡ್ತಾರೆ. ಇಷ್ಟು ದಿನ ಆ ಬೆಕ್ಕಿನ ಹೆಸರು ಹೇಳೇ ತಡೆದಿದ್ದೆ. ನಂಗೂ ಹೊಟ್ಟೆ ಉರಿಯುತ್ತೆ ಮಾವ. ಆದ್ರೆ ಕಂಡಿದ್ದನ್ನ ಮುಚ್ಚಿಡೋಕಾಗುತ್ತಾ? ನೋಡಿ, ಬೆಳಿಗ್ಗೆ ಮೀನಂಗಡಿ. ಆಮೇಲೆ ಬೇಕರಿ ಹಿಂದುಗಡೆ. ನೀವು ಕಾಫಿ ತಗೊಂಡು ಮಹಡಿಗೆ ಹೋಗೋ ಹೊತ್ತಿಗೆ ಸರಿಯಾಗಿ ನಮ್ಮ ಮಹಡಿ!

ಮಾವ: ನಾನು ಕಾಫಿ ಬಿಟ್ಟೆ.

ಸೊಸೆ: ಯಾವಾಗ?

ಮಾವ: ಈಗ.

ಸೊಸೆ: ಒಂದು ದಿನವೂ ನಿಮ್ಮ ಕಣ್ಣಿಗೆ ಬೀಳಲಿಲ್ವಾ?

ಮಾವ: ಕಣ್ಣು ಮಂಜಾಗಿದೆಯಮ್ಮ.

ಸೊಸೆ: ನಿನ್ನೆ ಕನ್ನಡಕ ಇಲ್ದೆ ಸೂಜಿಗೆ ದಾರ ಪೋಣಿಸಿದ್ರಿ!

ಮಾವ: ಹತ್ತಿರದ್ದು ಕಾಣುತ್ತೆ. ದೂರದ್ದು ಕಾಣಲ್ಲ.

ಸೊಸೆ: ನಿಮ್ಮ ಕುರ್ಚಿ ಪಕ್ಕದಲ್ಲೇ ಇತ್ತು.

ಮಾವ: ಅಷ್ಟು ಹತ್ತಿರದ್ದೂ ಕಾಣಲ್ಲ.

(ಮಾವ ಹೊಲಿಗೆ ಯಂತ್ರದ ಮುಂದೆ ಕೂತು, ಬಟ್ಟೆಯೇ ಇಲ್ಲದೆ ಪೆಡಲು ತುಳಿಯತೊಡಗಿದರು. ಸೊಸೆ ಲ್ಯಾಪ್‌ಟಾಪನ್ನು ತಂದು ಅವರ ಮೂಗಿನ ಕೆಳಗೆ ಹಿಡಿದಳು. ಪರದೆಯ ಮೇಲೆ ಒಂದು ಸಣ್ಣ ಕಂದು ಪಟ್ಟಿ.)

ಸೊಸೆ: ಇದೇ ನೋಡಿ ಯಂತ್ರ. ಬೆಕ್ಕಿನ ಕೊರಳಿಗೆ ಕಟ್ಟಿದ್ದು.

(ಪೆಡಲು ನಿಂತಿತು.)

ಮಾವ: ಇದಾ? ಯಂತ್ರ ಅಂದ್ರೆ ರೇಡಿಯೊ ತರ, ಗುಂಡಿ, ಮುಳ್ಳು ಎಲ್ಲಾ ಇರುತ್ತೆ ಅಂದ್ಕೊಂಡಿದ್ದೆ… ಅಲ್ಲಮ್ಮ, ಇದರ ಹೊಲಿಗೆ ಯಾಕೆ ಅಷ್ಟು ಕಚ್ಚಾ?

ಸೊಸೆ: ಬೇಕಂತಲೇ. ದಾರ ಸವೆದು ಪಟ್ಟಿ ತಾನಾಗೇ ಕಳಚಿ ಬೀಳಬೇಕು. ಇಲ್ಲದಿದ್ರೆ ಪಾಪ, ಬೆಕ್ಕಿಗೆ ಸಾಯೋ ತನಕ ಅದೇ ಗೋಳು.

ಮಾವ: ಅಯ್ಯಯ್ಯೋ! ನಾನು ಎರಡು ಸಾಲು ಹೊಲಿಗೆ ಹಾಕಿಬಿಟ್ಟೆನಲ್ಲಾ!

(ಮಾತು ಬಾಯಿಂದ ಜಾರಿದ ಮೇಲೆ ಮಾವ ಬಾಯಿ ಮುಚ್ಚಿಕೊಂಡರು. ಅದರಿಂದೇನು ಪ್ರಯೋಜನ?)

ಸೊಸೆ: ಮಾವ. ಪಟ್ಟಿ ಎಲ್ಲಿ ಸಿಕ್ತು?

ಮಾವ: ವಾಕಿಂಗ್ ಹೋದಾಗ, ಪೊದೆ ಹತ್ರ. ಯಾರೋ ಸಾಹುಕಾರರ ನಾಯಿಮರಿದು ಅಂದ್ಕೊಂಡೆ. ಹೊಲಿಗೆ ಬಿಟ್ಟಿತ್ತು. ಹೊಲಿಗೆ ಬಿಟ್ಟದ್ದನ್ನ ಕಂಡು ನಾನು ಸುಮ್ಮನೆ ಬರೋನಾ?

ಸೊಸೆ: ಯಾರಿಗೆ ಕಟ್ಟಿದ್ರಿ?

ಮಾವ: ದೊರೆಗೆ.

ಸೊಸೆ: ಯಾವ ದೊರೆ?

ಮಾವ: ಮಹಡಿಗೆ ಬರುತ್ತಲ್ಲ… ಕಪ್ಪು ಬಿಳುಪು. ಅರ್ಧ ಬಾಲ.

ಸೊಸೆ: ಬೀದಿಬೆಕ್ಕು! ಅವು ಹಕ್ಕಿ ಹಿಡೀತವೆ, ಕಾಡುಬೆಕ್ಕಿಗೆ ರೋಗ ಅಂಟಿಸ್ತವೆ, ಈ ಮನೇಲಿ ಸಾಕಬೇಡಿ ಅಂತ ಬಾಯಿ ನೋಯೋ ಹಾಗೆ ಹೇಳಿದೀನಿ!

ಮಾವ: ಎಲ್ಲಿ ಸಾಕಿದೆ? ಅದು ಬರುತ್ತೆ, ನಾನು ಹಾಲು ಇಡ್ತೀನಿ. ಸಾಕೋದು ಅಂದ್ರೆ ಹೆಸರಿಡಬೇಕು.

ಸೊಸೆ: ಇಟ್ಟಿದ್ದೀರಲ್ಲ!

ಮಾವ: ಅದರ ಗತ್ತು ನೋಡಿದ್ರೆ ನೀನೂ ಅದನ್ನೇ ಇಡ್ತಿದ್ದೆ.

(ಸೊಸೆ ಕುರ್ಚಿಯಲ್ಲಿ ಕುಸಿದಳು. ಬೀದಿಬೆಕ್ಕೊಂದರ ದಿನಚರಿಯನ್ನು ಹೊತ್ತು ಅಧಿಕಾರಿಗಳ ಮುಂದೆ ಹೋಗಿ ನಿಲ್ಲಲಿದ್ದಳು! ನಗು ಬರಬೇಕಿತ್ತು, ಬಂದದ್ದು ಅಳು.)

ಸೊಸೆ: ಹೋಯ್ತು ಮಾವ. ಊರಿಗೆ ಬಂದಿದೆ ಅಂತ ಹೇಳೋ ಹಾಗಿಲ್ಲ. ಪೊದೇಲಿದೆ ಅನ್ನೋಕೆ ಸಾಕ್ಷಿ ಇಲ್ಲ. ಅದು ಬದುಕಿದೆಯೋ ಸತ್ತಿದೆಯೋ ಅದೂ ಗೊತ್ತಿಲ್ಲ.

(ಸೊಸೆ ಅತ್ತರೆ ಮಾವ ತಡೆಯಲಾರರು. ಬೆರಳಿನ ಬಟ್ಟೆಯನ್ನು ನಿಧಾನವಾಗಿ ಬಿಚ್ಚಿದರು.)

ಮಾವ: ಮಚ್ಚೆ ಮಚ್ಚೆ ಬೆಕ್ಕು ತಾನೆ? ಸಿಕ್ಕಾಪಟ್ಟೆ ಮುಂಗೋಪದ್ದು?

ಸೊಸೆ: ಹೂಂ…

ಮಾವ: ಸಾಯೋದೇನು ಬಂತು? ಮೊನ್ನೆ ತಾನೇ ನನ್ನ ಬೆರಳು ಪರಚಿತು!

ಸೊಸೆ: ಗುಲಾಬಿ ಮುಳ್ಳು ಅಂದ್ರಿ?

ಮಾವ: ನಮ್ಮನೇಲಿ ಗುಲಾಬಿ ಗಿಡ ಎಲ್ಲಿದೆ? ಪಟ್ಟಿ ಸಿಕ್ಕ ಜಾಗದಲ್ಲೇ, ಬಿದ್ದ ಮರದ ಪೊಟರೆಯೊಳಗೆ ಮರಿಗಳು. ಮುದ್ದಾಗಿವೆ ಅಂತ ಕೈ ಹಾಕಿದೆ.

ಸೊಸೆ: ಕೈ ಹಾಕಿದ್ರಾ! ಕಾಡುಬೆಕ್ಕಿನ ಗೂಡಿಗೆ! ನಿಮಗೇನು ಬುದ್ಧಿ… ತಡೀರಿ. ಮರಿಗಳಾ?

ಮಾವ: ಅಂಗೈಯಗಲ. ಅಪ್ಪನ ಮನೆ ಆಸ್ತಿ ಕಾಯೋ ಹಾಗೆ ಗುರ್ ಅಂತವೆ.

ಸೊಸೆ: ಮಾವ! ಮರಿ ಹಾಕಿದೆ ಅಂದ್ರೆ ಪೊದೆ ಮುಟ್ಟೋ ಹಾಗಿಲ್ಲ! ಏಳಿ. ಮೊದಲು ಆಸ್ಪತ್ರೆ, ಇಂಜೆಕ್ಷನ್. ಆಮೇಲೆ ದೂರದಿಂದಲೇ ಮರಿಗಳ ಫೋಟೊ. ಆಮೇಲೆ ಮೀಟಿಂಗು.

ಮಾವ: ನಾನ್ಯಾಕೆ ಮೀಟಿಂಗಿಗೆ?

ಸೊಸೆ: ನಿಮ್ಮ ಬೆರಳು ಬರಬೇಕು. ಜೊತೆಗೆ ನೀವೂ ಬನ್ನಿ.

ಮಾವ: ದೊರೆ ವಿಷಯ ಅಲ್ಲಿ ಎತ್ತಲ್ಲ ತಾನೆ?

ಸೊಸೆ: ಎಲ್ಲಾ ಹೇಳ್ತೀನಿ. ಎರಡು ಸಾಲು ಹೊಲಿಗೆ ಸಮೇತ. ಸಂಜೆ ಬಂದು ಆ ಪಟ್ಟಿ ಬಿಚ್ತೀರಿ. ಇನ್ನು ಮೇಲೆ ದೊರೆ ಈ ಮನೆ ಹೊಸ್ತಿಲು ತುಳಿಯೋ ಹಾಗಿಲ್ಲ.

(ಆಗಲೇ ಲ್ಯಾಪ್‌ಟಾಪು ಕುಂಯ್ ಎಂದಿತು. ಹೊಸ ಚುಕ್ಕೆ.)

ಸೊಸೆ: ನಮ್ಮ ಮನೆ ಮೇಲೇ ತೋರಿಸ್ತಿದೆ. ಮಹಡಿಗೆ ಬಂದಿರಬೇಕು.

(ಅಡುಗೆಮನೆಯಲ್ಲಿ ಹಾಲಿನ ಪಾತ್ರೆ ಢಣಾರೆಂದು ಬಿತ್ತು. ಅರ್ಧ ಬಾಲವೊಂದು ಸರಕ್ಕನೆ ಕಿಟಕಿ ದಾಟಿತು.)

ಮಾವ: ಯಂತ್ರ ಕೆಟ್ಟಿದೆ ಅಂತ ಸುಮ್ಮನೆ ಅಂದೆನಮ್ಮ. ಈ ಮನೇಲಿ ಮೊದಲಿಂದ ನಿಜ ಹೇಳ್ತಾ ಬಂದಿರೋದು ಪಾಪ, ಅದೊಂದೇ.