ಮೊಮ್ಮಗಳ ಸೂಟಿ, ಮುತ್ತ್ಯಾನ ಇಜ್ಜತ್ತು

ಮಂದಿ ಮನ್ಯಾಗ ಮೊಮ್ಮಕ್ಕಳು ಬಂದ್ರ ಹಬ್ಬ ಆಗ್ತದಂತ. ನಮ್ಮನ್ಯಾಗ ಪಂಚಾಯ್ತಿ ಆಗ್ತದ. ದಿನಾ ಒಂದು. ಮುಂಜಾನಿದು ಮುಗೀತು ಅಂತ ಉಸಿರು ಬಿಡೋದ್ರಾಗ ಸಂಜಿದು ಶುರು ಆಗಿರ್ತದ. ಹಾಂ, ನಗ್ರಿ, ನಗ್ರಿ. ಕೇಳಾವ್ರಿಗೇನು, ನಗು ಬರ್ತದ.

ನಾ ಮೂವತ್ತು ವರ್ಷ ಸರಕಾರಿ ಬಸ್ಸಿನ್ಯಾಗ ಕಂಡಕ್ಟರ್ ಇದ್ದವ. ಕಲಬುರಗಿ ಬಿಟ್ರ ಹುಮನಾಬಾದ, ಹುಮನಾಬಾದ ಬಿಟ್ರ ಕಲಬುರಗಿ. ಐವತ್ತು ಸೀಟಿನ ಬಸ್ಸಿನ್ಯಾಗ ನೂರಾ ಹತ್ತು ಮಂದಿಗಿ ಜಾಗ ಮಾಡಿಕೊಟ್ಟೀನಿ. ‘ಒಳಗ ಸರೀರಿ!’ ಅಂತ ಒಂದು ಸಲ ಒದರಿದ್ರ ಪೈಲ್ವಾನನೂ ಸರೀತಿದ್ದ. ಅಂಥಾವ್ನಿಗಿ ಈಗ ಕಮಲಾಪುರದಾಗ, ನನ್ನ ಸ್ವಂತ ಮನ್ಯಾಗ, ನನ್ನ ಸ್ವಂತ ಹೊರಸಿನ ಮ್ಯಾಲ, ಆರು ವರ್ಷದ ಮೊಮ್ಮಗಳು ‘ಜರಾ ಸರಿ ಮುತ್ತ್ಯಾ’ ಅಂತಾಳ. ಸರೀತೀನಿ. ಏನ್ ಮಾಡ್ಲಿ?

೧. ಗೋಡಿ ಮ್ಯಾಗಿನ ಪಟ್ಟಿ

ಮಗಳು, ಅಳಿಯ ಇಬ್ರೂ ಕಲಬುರಗ್ಯಾಗ ನೌಕರಿ. ಜೇವರ್ಗಿ ಕಾಲೋನ್ಯಾಗ ಮನಿ. ಬ್ಯಾಸಗಿ ಸೂಟಿ ಬಿತ್ತು ಅಂದಕೂಡ್ಲೇ ನಾ ಫೋನ್ ಮ್ಯಾಲ ಫೋನ್ ಹಚ್ಚಿದೆ, ಕೂಸಿನ್ನ ಒಂದು ತಿಂಗಳು ಕಳಸು ಅಂತ. ಕಳಿಸಿದಳು. ಕೂಸಿನ ಕೂಡ ಒಂದು ಪಟ್ಟೀನೂ ಕಳಿಸಿದಳು. ‘ಅಪ್ಪಾ, ಇದು ಗೋಡಿಗಿ ಅಂಟಸು. ಇದ್ರ ಪ್ರಕಾರ ನಡೀಲಿಲ್ಲಂದ್ರ ನಾ ಬಂದು ಕರಕೊಂಡು ಬರ್ತೀನಿ. ಇಲ್ಲಿ ನಮ್ಮ ಓಣ್ಯಾಗೇ ಸೂಟಿ ಕ್ಲಾಸ್ ಶುರು ಆಗ್ಯಾವ.’

ಪಟ್ಟ್ಯಾಗ ಏನಿತ್ತು? ಬಿಸಲಾಗ ತಿರಗಬಾರ್ದು. ಕಾಸಿದ ನೀರೇ ಕುಡೀಬೇಕು. ಚಾ ಕುಡೀಬಾರ್ದು. ಮಧ್ಯಾನ ಮಲಗಬೇಕು. ಸಿಟ್ಟಿಲೇ ಮಾತಾಡಬಾರ್ದು.

ಸಿಟ್ಟಿಲೇ ಮಾತಾಡಬಾರ್ದು ಅಂತ ಯಾರಿಗ್ರಿ ಬರದಾಳ? ಈಕಿನ್ನ ಬೆಳಸಿದವ ಯಾರು? ಈಕಿ ಸಣ್ಣಾಕಿದ್ದಾಗ ಬಾವಿ ನೀರು ಯಾರು ಕಾಸ್ತಿದ್ರು?

ನಾ ಅಂಟಸಿದೆ. ಮೊಮ್ಮಗಳಿಗಿ ಈ ವರ್ಷನೇ ಓದಾಕ ಬಂದದ. ಎರಡು ಸಲ ಬೆರಳು ಹಿಡದು ಓದಿದಳು. ಮುಂಜಾನಿ ನಮ್ಮಾಕಿ, ಅಂದ್ರ ಕೂಸಿನ ಆಯಿ, ನನ್ನ ಕೈಯಾಗ ಚಾದ ಕಪ್ಪು ಕೊಟ್ಟಳೋ ಇಲ್ಲೋ, ಈಕಿ ಓಡಿ ಬಂದು ಕಸಕೊಂಡಳು.

‘ಮುತ್ತ್ಯಾ, ಚಾ ಕುಡೀಬಾರ್ದು.’

‘ಅದು ನಿನಗವ್ವ, ನನಗಲ್ಲ.’

‘ಯಾರಿಗಿ ಅಂತ ಬರದಿಲ್ಲ. ಎಲ್ಲಾರಿಗಿ.’

ನಮ್ಮಾಕಿ ಸೆರಗು ಬಾಯಿಗಿ ಹಿಡಕೊಂಡು ಒಳಗ ಹೋದಳು. ನಾ ಮೂರು ದಿನ ಚಾ ಇಲ್ದೇ ತಲಿ ಹಿಡಕೊಂಡು ಕುಂತೆ. ನಾಲ್ಕನೇ ದಿನ ಬಸ್ ಸ್ಟ್ಯಾಂಡ್ ಕಡೆ ಹೋಗಿ, ಹೋಟೆಲ್ಲಿನ ಹಿಂದಿನ ಬಾಕಿನ ಮ್ಯಾಲ ಕುಂತು ಒಂದೇ ಒಂದು ಕಪ್ಪು ಕುಡದು ಬಂದೆ. ಬಾಗಲದಾಗೇ ನಿಂತಿದ್ದಳು. ‘ಬಾಯಿ ತೆರಿ ಮುತ್ತ್ಯಾ’ ಅಂದಳು. ‘ಹುಚ್ಚಿ ಇದ್ದೀಯೇನು!’ ಅಂತ ಒದರಿದೆ.

ಸಂಜಿಗಿ ಫೋನಿನ್ಯಾಗ ಅವರವ್ವಗ ವರದಿ ಹೋಯ್ತು. ‘ಮಮ್ಮೀ, ಮುತ್ತ್ಯಾ ಕದ್ದು ಚಾ ಕುಡದಾನ. ಸಿಟ್ಟಿಲೇನೂ ಮಾತಾಡ್ಯಾನ.’ ಅರವತ್ತೆಂಟು ವರ್ಷದವನ ಕಡಿಂದ, ಚಾ ಕುಡದಿದ್ದಕ್ಕ, ತಾಯಿ ಮಗಳು ಕೂಡಿ ಮಾಫಿ ಕೇಳಿಸಿದ್ರು. ಅದೂ ಸ್ಪೀಕರ್ ಹಚ್ಚಿ.

೨. ತಪ್ಪು ಬಣ್ಣದ ಹಣ್ಣು

ಕಮಲಾಪುರದ ಕೆಂಪು ಬಾಳಿಹಣ್ಣು ಅಂದ್ರ ಏನಂತ ತಿಳದೀರಿ? ಕಲಬುರಗಿ ಮಂದಿ ಗಾಡಿ ತಗೊಂಡು ಬರ್ತಾರ್ರಿ ಹುಡಿಕ್ಯಾಡಕೋತ. ಸಿಕ್ಕವರು ನಕ್ಕೋತ ಹೋಗ್ತಾರ, ಸಿಗದವರು ಮಾರಿ ಸಣ್ಣದು ಮಾಡಕೊಂಡು ಹೋಗ್ತಾರ. ನಮ್ಮ ಬಾವಿ ದಂಡಿಗಿ ಎಂಟು ಗಿಡ ಅವ. ಮೊಮ್ಮಗಳು ಬರ್ತಾಳಂತ ಒಂದು ಗೊನಿ ಕಡದು, ಹುಲ್ಲಾಗ ಮುಚ್ಚಿ ಹಣ್ಣು ಮಾಡಿ, ಬಂದವರಿಗಿ ಹೋದವರಿಗಿ ಒಂದೂ ಮುಟ್ಟಗೊಡದೇ ಕಾದಿಟ್ಟಿದ್ದೆ.

ಕೈಯಾಗ ಕೊಟ್ರ ಹೊಳ್ಳಿ ಕೊಟ್ಟಳು.

‘ಇದು ಬಾಳಿಹಣ್ಣಲ್ಲ. ಬಾಳಿಹಣ್ಣು ಹಳದಿ ಇರ್ತದ.’

‘ಯಾರು ಹೇಳಿದ್ರು?’

ಪುಸ್ತಕ ತಂದು ತೋರಿಸಿದಳು. ಖರೇನೇ ಹಳದಿ ಚಿತ್ರ. ನನಗ ಸಿಟ್ಟು ನೆತ್ತಿಗೇರಿತು. ‘ಈ ಪುಸ್ತಕ ಬರದವ ಕಮಲಾಪುರಕ್ಕ ಬಂದಾನೇನು? ಒಮ್ಮೆರ ಬಂದಾನೇನು?’ ಅಂತ ಆರು ವರ್ಷದ ಕೂಸಿನ ಜೋಡಿ ಜಗಳಕ್ಕ ನಿಂತೆ. ಬಾಜೂ ಮನಿಯವ್ನಿಗಿ ಸಾಕ್ಷಿಗಿ ಕರದೆ. ಅಂವ ಪುಸ್ತಕ ತಿರಿವಿ ಮುರಿವಿ ನೋಡಿ, ‘ಚಿತ್ರದಾಗ ಹಳದಿನೇ ಅದ ಬಿಡ್ರಿ’ ಅಂದ. ಇಂಥಾವ್ರು ಊರಾಗಿದ್ರ ಊರು ಉದ್ಧಾರ ಆಗ್ತದೇನ್ರಿ?

ಮಧ್ಯಾನ ನಾ ಒಂದು ತಾಸು ಮಲಗಿದ್ದೆ, ಪಟ್ಟಿ ಪ್ರಕಾರ. ಎದ್ದು ನೋಡ್ತೀನಿ, ಬಚ್ಚಲದಾಗ ಕುಂತು, ನನ್ನ ಮೈ ತಿಕ್ಕೊ ಸಾಬಾಣ ಹಚ್ಚಿ, ಇಡೀ ಗೊನಿ ತಿಕ್ಕಾಕತ್ತಾಳ. ಒಂದೊಂದೇ ಹಣ್ಣು. ‘ಮುತ್ತ್ಯಾ, ಬಣ್ಣ ಭಾಳ ಗಟ್ಟಿ ಹಚ್ಚ್ಯಾರ, ಹೋಗವಲ್ದು’ ಅಂತಾಳ ನನಗೇ!

ಸಿಪ್ಪಿ ಸೀಳಿದಾವು ಸೀಳಿದ್ವು, ಉಳದಾವು ಸಾಬಾಣ ವಾಸನಿ. ಸುಲದು ಆಕಿ ಬಾಯಾಗ ಇಟ್ಟೆ. ಒಂದು ತಿಂದಳು, ಇನ್ನೊಂದು ಕೇಳಿದಳು. ನಾಲ್ಕು ತಿಂದಳ್ರಿ! ನನ್ನ ಎದಿ ಇಷ್ಟಗಲ ಆಯ್ತು. ಸಂಜಿಗಿ ಫೋನಿನ್ಯಾಗ ಏನಂದಳು? ‘ಮಮ್ಮೀ, ಮುತ್ತ್ಯಾ ಬಣ್ಣ ಹಚ್ಚಿದ ಹಣ್ಣು ತಿನಸಿದ. ನಾಲ್ಕು.’

ಮಗಳು ಅಂದಳು: ‘ಅಪ್ಪಾ, ಬಜಾರದ ಹಾಳು ಹಣ್ಣು ತಂದು ಕೊಡ್ತೀಯಲ್ಲ, ಬುದ್ಧಿ ಎಲ್ಲಿಟ್ಟಿ? ಇನ್ನೊಂದು ಸಲ ಹಿಂಗಾದ್ರ ನಾ ಬಂದೇ ಬಿಡ್ತೀನಿ.’

ಬಜಾರದ್ದಂತ! ಅದೇ ಗಿಡದ ಹಣ್ಣು ತಿಂದು ಬೆಳದಾಕಿ!

೩. ಬರ್ರಿ, ಊಟ ಮಾಡ್ರಿ

ನಮ್ಮ ಪಡಸಾಲಿ ಬಾಗಲ ಬೀದಿಗಿ ತೆರದದ. ಊಟಕ್ಕ ಕುಂತಾಗ ಹಾದೀಲೆ ಯಾರು ಹೋದ್ರೂ ‘ಬರ್ರಿ, ಊಟ ಮಾಡ್ರಿ’ ಅನ್ನಬೇಕು. ಅವರು ‘ಆಯ್ತ್ರಿ, ಈಗೇ ಉಂಡು ಬಂದೀನಿ’ ಅನ್ನಬೇಕು. ಅವರ ಹೊಟ್ಟಿ ಬೆನ್ನಿಗಿ ಹತ್ತಿರಲಿ, ಹಂಗೇ ಅನ್ನಬೇಕು. ನಮ್ಮಪ್ಪನ ಕಾಲದಿಂದ ನಡದಿದ್ದು. ಯಾರೂ ಬರಂಗಿಲ್ಲ, ಯಾರಿಗೂ ಬ್ಯಾಸರಾಗಂಗಿಲ್ಲ. ಜೇವರ್ಗಿ ಕಾಲೋನ್ಯಾಗ ಬಾಗಲ ಹಾಕ್ಕೊಂಡು ಉಣ್ಣೋ ಕೂಸಿಗಿ ಇದು ಹ್ಯಾಂಗ ಗೊತ್ತಾಗಬೇಕು?

ಎರಡು ದಿನ ನೋಡಿದಳು. ಮೂರನೇ ದಿನ ಅಂದಳು: ‘ಮುತ್ತ್ಯಾ, ನೀ ದಿನಾ ಕರೀತಿ, ಯಾರೂ ಬರಂಗಿಲ್ಲ. ನಿನ್ನ ಮಾತು ಯಾರೂ ಕೇಳಂಗಿಲ್ಲೇನು?’

‘ಕೇಳ್ತಾರವ್ವ, ಎಲ್ಲಾರೂ ಕೇಳ್ತಾರ.’

‘ತಡಿ, ನಾ ಕರಕೊಂಡು ಬರ್ತೀನಿ.’

ತುತ್ತು ಬಾಯಾಗಿತ್ತು, ಬ್ಯಾಡ ಅನ್ನೋದ್ರಾಗ ಬೀದಿಗಿ ಹೋದಳು. ಮೊದ್ಲು ಒಬ್ಬ ಮುದುಕನ ಕೈ ಹಿಡದು ಜಗ್ಗಿಕೊಂಡು ಬಂದಳು. ಆಮ್ಯಾಲ ಸೈಕಲ್ ಮ್ಯಾಲ ಹೊಂಟಿದ್ದವ. ಆಮ್ಯಾಲ ಕಾಯಿಪಲ್ಯದ ಬುಟ್ಟಿ ಹೊತ್ತ ಇಬ್ರು ಹೆಣ್ಣಮಕ್ಕಳು. ಅವರೆಲ್ಲಾ ‘ಈಗೇ ಉಂಡೀವಿ’ ಅಂದ್ರ, ‘ಸುಳ್ಳು ಹೇಳಬಾರ್ದು’ ಅಂತ ಅವರಿಗೇ ಗದರಿದಳಂತ! ನಮ್ಮಾಕಿ ಒಳಗ ಬಡದಿಟ್ಟ ರೊಟ್ಟಿ ಎಣಿಸಾಕತ್ತಿದಳು, ಮಾರಿ ಕೆಂಪಗಾಗಿತ್ತು.

ಅಷ್ಟರಾಗ ನಮ್ಮ ಬಾಜೂ ಹೊಲದವ ಹಾದು ಹೊಂಟ. ಹೊಲದ ಬದುವಿನ ಸಲುವಾಗಿ ಅವಂಗೂ ನಂಗೂ ನಾಲ್ಕು ವರ್ಷದಿಂದ ಮಾತಿಲ್ಲ. ಅಂವ ಬಂದ್ರ ನಾ ಆ ಕಡೆ ಮಾರಿ ತಿರಗಸ್ತೀನಿ. ಈಕಿ ಬಾಗಲದಾಗ ನಿಂತು, ಇಡೀ ಓಣಿ ಕೇಳಂಗ, ‘ಮುತ್ತ್ಯಾ, ಇವರಿಗಿ ಕರ್ಯಾಕ ಮರತೆಲ್ಲ!’ ಅಂದಳು. ಅವನೂ ಗಟ್ಟಿಗ. ಚಪ್ಪಲ ಬಿಟ್ಟು ಸೀದಾ ಒಳಗ ಬಂದು, ನನ್ನ ಊಟದ ಮಣಿ ಮ್ಯಾಲ ಕುಂತು, ಐದು ರೊಟ್ಟಿ ಹೊಡದ. ಎದ್ದು ಕೈ ತೊಳಕೊಂಡು, ನಾಲ್ಕು ವರ್ಷದ ಮ್ಯಾಲ ನನ್ನ ಜೋಡಿ ಮೊದಲನೇ ಮಾತು ಆಡಿದ: ‘ಪಲ್ಯಕ್ಕ ಉಪ್ಪು ಕಮ್ಮಿ.’

ಖರೇ ಫಜೀತಿ ಆಮ್ಯಾಲ ಆಯ್ತು. ಕೂಸಿಗಿ ರೊಟ್ಟಿ ಉಳೀಲಿಲ್ಲ. ನಮ್ಮಾಕಿ ಬ್ಯಾರೆ ಬಡೀತೀನಂದ್ರ ಹಿಟ್ಟು ಮುಗದಿತ್ತು. ಬಿಸ್ಕೀಟು ತಿಂದು ಮಲಗಿದಳು. ಸಂಜಿಗಿ ಫೋನಿನ್ಯಾಗ, ‘ಮಮ್ಮೀ, ಇವತ್ತು ನಂಗ ಊಟನೇ ಸಿಗಲಿಲ್ಲ. ಎಲ್ಲಾ ಮಂದಿ ಉಂಡು ಹೋದ್ರು.’

‘ಸಾಕಪ್ಪಾ, ಸಾಕು,’ ಅಂದಳು ಮಗಳು. ‘ಐತ್ವಾರ ಬರ್ತೀನಿ. ಆಕಿ ಅರಬಿ ಮಡಚಿಡು.’

ಆಕಿ ಊಟ ನಾ ಕಸಕೊಂಡು ಉಂಡಿದ್ನೇನ್ರಿ? ನನಗೇ ಅರ್ಧಾ ರೊಟ್ಟಿ ಸಿಕ್ಕಿತ್ತು!

೪. ಮಹಾಗಾಂವದ ಅಳು

ಆದ್ರ ಸಿಟ್ಟು ಬ್ಯಾರೆ, ಸಂಕಟ ಬ್ಯಾರೆ. ಸೂಟಿ ಇನ್ನಾ ಹದಿನೈದು ದಿನ ಇತ್ತು. ಆಕಿ ಸಣ್ಣ ಫ್ರಾಕು ಮಡಚಿ ಚೀಲದಾಗ ಇಟ್ಟೆ, ಹೊಳ್ಳಿ ತಗದೆ, ಮತ್ತ ಇಟ್ಟೆ. ಮಗಳಿಗಿ ಫೋನ್ ಹಚ್ಚಿ, ‘ಕೈ ಮುಗೀತೀನವ್ವ, ಸೂಟಿ ಮುಗಿಯೋತನ ಬಿಡು, ಚಾ ಕುಡ್ಯಂಗಿಲ್ಲ, ಒದರಂಗಿಲ್ಲ’ ಅಂದೆ. ಕಂಡಕ್ಟರ್ ಇದ್ದಾಗ ಮ್ಯಾಲಿನ ಸಾಹೇಬ್ರಿಗೂ ನಾ ಹಿಂಗ ಕೇಳ್ಕೊಂಡಿದ್ದಿಲ್ಲ. ‘ಸೂಟಿ ಕ್ಲಾಸಿನ ಫೀ ತುಂಬೀನಪ್ಪಾ’ ಅಂತ ಫೋನ್ ಇಟ್ಟಳು.

ಶುಕ್ರವಾರ ಮಹಾಗಾಂವದಾಗ ನನ್ನ ಸೋದರತ್ತಿ ಹೋದಳು. ತೊಂಬತ್ತು ದಾಟಿತ್ತು, ಮೊಮ್ಮಕ್ಕಳ ಮಕ್ಕಳ ಲಗ್ನ ನೋಡಿದ್ದಳು, ಮಲಗಿದಲ್ಲೇ ಸುಖವಾಗಿ ಹೋದಳು. ಶನಿವಾರ ನಾ ಮಣ್ಣಿಗಿ ಹೋಗಿ ಬಂದೆ. ಐತ್ವಾರ ನಮ್ಮಾಕಿನ್ನ, ಕೂಸಿನ್ನ ಕರಕೊಂಡು ಮಾತಾಡ್ಸಾಕ ಹೋದೆ. ಮಗಳೂ ಕಲಬುರಗಿಂದ ಸೀದಾ ಅಲ್ಲಿಗೇ ಬರಾಕಿ. ಅಲ್ಲಿಂದನೇ ಕೂಸಿನ್ನ ಒಯ್ಯಾಕಿ. ಚೀಲ ನನ್ನ ಕೈಯಾಗೇ ಇತ್ತು.

ನಮ್ಮ ಕಡೆ ಸತ್ತವರ ಮನ್ಯಾಗ ಹೆಣ್ಣಮಕ್ಕಳು ಹಾಡ್ಯಾಡಿ ಅಳ್ತಾರ. ಹೊಸಬರು ಹೊಸ್ತಲಾ ತುಳದಕೂಡ್ಲೇ ರಾಗ ಏಳ್ತದ. ಬಂದವರನ್ನ ತಬ್ಬಿ, ಸತ್ತವರ ಗುಣ ಎಲ್ಲಾ ಹಾಡಿನ್ಯಾಗ ಹೇಳಿ, ಕಣ್ಣೊರಸಿಕೊಂಡು ಕುಂತಮ್ಯಾಲ, ಈ ಸಲ ತೊಗರಿ ಹ್ಯಾಂಗ ಬಂತು, ಯಾರ ಸೊಸಿ ಬಸುರಿ ಅಂತ ಮಾತು ನಡೀತದ. ಮತ್ತೊಬ್ರು ಬಂದ್ರ ಮತ್ತ ರಾಗ. ಅಳೋದೂ ಖರೇ, ಮಾತೂ ಖರೇ. ಯಾರೂ ಯಾರಿಗೂ ಏನೂ ಅನ್ನಂಗಿಲ್ಲ.

ಗಂಡಸರೆಲ್ಲಾ ಹೊರಗ ಬೇವಿನ ಗಿಡದ ಕೆಳಗ ಕುಂತಿದ್ವಿ. ಮೊಮ್ಮಗಳು ಒಳಗಿದ್ದಳು. ಎರಡು ಸಲ ನೋಡಿದಳಂತ, ಹೊಸಬರು ಬಂದ್ರ ಅಳಬೇಕು ಅನ್ನೋ ಕಾಯ್ದಿ ತಿಳೀತು. ಮೂರನೇ ಸಲಕ್ಕ ಹೊಸ್ತಲಾ ಮ್ಯಾಲ ಬಂದು ನಿಂತಳು. ದೂರ ಯಾರೋ ಬರೋದು ಕಂಡಕೂಡ್ಲೇ ಒಳಗ ತಿರಗಿ ಒದರಿದಳು:

‘ಆಯೀ, ಯಾರೋ ಬಂದ್ರು! ಎಲ್ಲಾರೂ ಅಳ್ರಿ!’

ಬೇವಿನ ಗಿಡದ ಕೆಳಗ ಒಬ್ಬಂಗ ಕೆಮ್ಮು ಬಂತು, ಒಬ್ಬಂಗ ಸೀನು ಬಂತು. ನಾ ಭೂಮಿ ನೋಡಕೋತ ಕುಂತೆ. ಒಳಗ ನಮ್ಮಾಕಿ ‘ಸುಮ್ಮ ಕೂಡು ಹುಚ್ಚಿ’ ಅಂತ ಹಲ್ಲು ಕಡದದ್ದು ನನಗ ಕೇಳಿಸ್ತು. ಆದ್ರ ಬಂದವರು ಬಂದಿದ್ರಲ್ಲ, ಅಳಲಿಕ್ಕೇ ಬೇಕಾಯ್ತು.

ಕೊನಿಗಿ ಮಗಳು ಬಂದಳು. ಬಸ್ಸಿಳದು ನಡಕೋತ ಬರಾಕತ್ತಿದ್ದಳು, ಹೊಸ್ತಲಾ ಮ್ಯಾಲಿಂದ ಹುಕುಂ ಬಿತ್ತು: ‘ಮಮ್ಮಿ ಬಂದಳು! ಜೋರಲೇ ಅಳ್ರಿ!’

ಅತ್ರು ನೋಡ್ರಿ! ಇಪ್ಪತ್ತು ಮಂದಿ ಒಮ್ಮೆಲೇ. ಮಗಳು ಒಳಗ ಕಾಲಿಡೋದ್ರಾಗ ಕೂಸು ಆಕಿ ಸೆರಗು ಹಿಡದು ಜಗ್ಗಿತು. ‘ನೋಡು ಮಮ್ಮೀ, ನೀ ನನಗ ಒಯ್ಯಾಕ ಬಂದಿ ಅಂತ ಎಲ್ಲಾರೂ ಎಷ್ಟು ಅಳಾಕತ್ತಾರ.’

ಸತ್ತಾಕಿ ಮಗಳು, ಅಂದ್ರ ನನ್ನ ಅತ್ತಿ ಮಗಳು, ಎಪ್ಪತ್ತು ವರ್ಷದಾಕಿ, ಹಾಡ್ಯಾಡಿ ಅಳೋದ್ರಾಗ ನಾಲ್ಕು ಊರಿಗಿ ಹೆಸರಾದಾಕಿ. ಕಣ್ಣಿಗಿ ಬಿದ್ದದ್ದೆಲ್ಲಾ ಹಾಡಿಗಿ ಸೇರಸೋದು ಆಕಿ ರೂಢಿ. ರಾಗ ಬಿಡಲಿಲ್ಲ, ನನ್ನ ಮಗಳ ಕೊರಳಿಗಿ ಬಿದ್ದು ಹಂಗೇ ಎತ್ತಿದಳು:

‘ಸೂಟಿ ಇನ್ನಾ ಮುಗದಿಲ್ಲಲ್ಲೇ ನನ ಯವ್ವಾ… ಕೂಸಿನ ಯಾಕ ಒಯ್ಯಾಕ ಬಂದ್ಯೇ ನನ ಯವ್ವಾ…’

ಉಳದವರು ದನಿ ಕೂಡಿಸಿದ್ರು. ‘ಹದಿನೈದು ದಿನ ಇರಲಿ ಬಿಡೇ ನನ ಯವ್ವಾ…’ ಸತ್ತ ಮನ್ಯಾಗ ಅಳೋವ್ರಿಗಿ ಬ್ಯಾಡ ಅನ್ನಾಕ ಬರ್ತದೇನ್ರಿ? ಮಗಳು ಅಳಬೇಕೋ ನಗಬೇಕೋ ತಿಳೀದೇ ‘ಆಯ್ತು, ಇರಲಿ, ಇರಲಿ’ ಅಂದಳು. ಆಮ್ಯಾಲೇ ರಾಗ ಇಳೀತು. ಹೊರಗ ಬಂದು ನನ್ನ ಕೈಯಾಗಿನ ಚೀಲ ನೋಡಿ, ‘ಹೊಳ್ಳಿ ಒಯ್ಯಪ್ಪಾ, ಸೂಟಿ ಮುಗಿಯೋತನ ನಿನ್ನ ಕಡೇನೇ ಇರಲಿ’ ಅಂದಳು. ನನ್ನ ಕಣ್ಣಾಗ ನೀರು ಬಂತು. ಸೋದರತ್ತಿ ಸಲುವಾಗಿ ಅಲ್ಲ. ಸಿಟ್ಟೂ ಬಂತು. ಹೆತ್ತ ಅಪ್ಪ ಕೈ ಮುಗದು ಕೇಳಿದ್ರ ಫೀ ತುಂಬೀನಿ ಅಂತಾಳ, ಮಂದಿ ರಾಗ ತಗದ್ರ ಬಿಟ್ಟು ಹೋಗ್ತಾಳ!

ಸಂಜಿಗಿ ಟೆಂಪೋದಾಗ ಕಮಲಾಪುರಕ್ಕ ಹೊಂಟ್ವಿ. ಸತ್ತ ಮನಿಗಿ ಬಂದ ಮಂದೀನೇ ತುಂಬಿತ್ತು. ಮೊಮ್ಮಗಳು ನನ್ನ ತೊಡಿ ಮ್ಯಾಲ ಕುಂತು ಬೆರಳು ಮಡಚಿ ಏನೋ ಲೆಕ್ಕ ಮಾಡಿದಳು. ಆಮ್ಯಾಲ ಕೇಳಿದಳು:

‘ಮುತ್ತ್ಯಾ, ಮುಂದಿನ ಸೂಟ್ಯಾಗೂ ನಾ ಇಲ್ಲೇ ಇರಬೇಕಂದ್ರ, ಆವಾಗ ಯಾರು ಸಾಯ್ತಾರ?’

ಟೆಂಪೋದಾಗಿನ ಮಂದಿ ಎಲ್ಲಾ ನನ್ನ ಮಾರಿ ನೋಡಿದ್ರು. ನನ್ನ ಮಾರಿ ಯಾಕ ನೋಡಬೇಕ್ರಿ? ನಮ್ಮಾಕಿನೂ ನೋಡಿದಳು! ಅವರೆಲ್ಲಾ ಹೋಗ್ಲಿ, ಗಾಡಿ ಹೊಡೆಯೋ ಡ್ರೈವರ್, ಅಂವ ರೋಡು ನೋಡಬೇಕೋ ಬ್ಯಾಡೋ? ಅಂವನೂ ಹೊಳ್ಳಿ ನೋಡಿದ!